ತೆರೆದ ಮೋಟಾರು ಗಾಡಿಯ ನಡುಕ

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೂ, ಅಲ್ಲಿಂದ ಬಂಡೀಪುರದ ಕಾಡನ್ನು ಹಾದು ಉದಕಮಂಡಲದ ಕಡೆಗೂ ಹೋಗುವ ರಸ್ತೆಯನ್ನು ತೆರೆದ ಮೋಟಾರಿನಲ್ಲಿ ಕುಳಿತೇ ನೋಡಬೇಕು. ಹೊಲಗಳಲ್ಲಿ ಸೂರ್ಯಕಾಂತಿಯು ಅರಳಿರುವ ಕಾಲದಲ್ಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ನೆತ್ತಿಯು ಮಂಜಿನಲ್ಲಿ ಮರೆಯಾಗಿರುವ ಬೆಳಗಿನ ಹೊತ್ತಿನಲ್ಲಿ, ತಲೆಯ ಮೇಲೆ ತಗಡಿನ ಮುಚ್ಚಳವಿಲ್ಲದೆ ಸಾಗುವುದು ಒಂದು ಸುಖವೇ ಸರಿ. ಆದರೆ ಆ ಸುಖಕ್ಕೆ ಸುಂಕವನ್ನು ತೆರಬೇಕಾಗುತ್ತದೆ. ಗಾಡಿಯು ರಸ್ತೆಯ ಉಬ್ಬೊಂದನ್ನು ಹತ್ತಿ ಇಳಿಯುವಷ್ಟರಲ್ಲಿ ಮುಂದಿನ ಗಾಜಿನ ಚೌಕಟ್ಟು ಒಂದು ಕಡೆಗೆ, ಸ್ಟೇರಿಂಗ್ ಚಕ್ರವು ಇನ್ನೊಂದು ಕಡೆಗೆ ನಡುಗುತ್ತವೆ. ಬಾಗಿಲು ತನ್ನ ಚೌಕಟ್ಟಿನಲ್ಲಿ ಕಿರುಗುಟ್ಟುತ್ತದೆ. ಹಿಂದಿನ ಆಸನದಲ್ಲಿ ಕುಳಿತ ಅಜ್ಜಿಯವರು ಸೊಂಟವನ್ನು ಹಿಡಿದುಕೊಂಡು ದೇವರ ಹೆಸರು ಹೇಳುತ್ತಾರೆ. ಮೇಸ್ತ್ರಿಯನ್ನು ಕೇಳಿದರೆ, “ಅಳೇ ಗಾಡಿ ಕನ ಸಾ, ಅಲ್ಲಾಡ್ದೆ ಇದ್ದದಾ?” ಎಂದು ನಕ್ಕು ಸುಮ್ಮನಾಗುತ್ತಾನೆ.

ಆ ಮಾತು ಅರ್ಧ ನಿಜ. ತೆರೆದ ಗಾಡಿಯು ಮುಚ್ಚಿದ ಗಾಡಿಗಿಂತ ಹೆಚ್ಚಾಗಿ ಬಳುಕುವುದು ಅದರ ಹುಟ್ಟುಗುಣ. ಆದರೆ ಹುಟ್ಟುಗುಣ ಯಾವುದು, ವಯಸ್ಸಿನಿಂದ ಬಂದ ಬೇನೆ ಯಾವುದು ಎಂಬುದನ್ನು ವಿಂಗಡಿಸದೆ ಎರಡನ್ನೂ ಒಂದೇ ನಗೆಯಲ್ಲಿ ತೇಲಿಸಿಬಿಟ್ಟರೆ ಅಪಾಯವುಂಟು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ತಂದೆಯ ಕಾಲದ ಜೀಪೊಂದು ಇನ್ನೂ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವುದುಂಟು. ಹೊಲಕ್ಕೆ ಗೊಬ್ಬರದ ಚೀಲವನ್ನು ಹೊರುವುದೂ ಅದೇ, ಜಾತ್ರೆಗೆ ಮನೆಮಂದಿಯನ್ನು ಕರೆದೊಯ್ಯುವುದೂ ಅದೇ. ಅದರ ನಡುಕವು ಬರಿಯ ಸೊಂಟನೋವಿಗೆ ಕಾರಣವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಸ್ಟೇರಿಂಗಿನ ಪೆಟ್ಟಿಗೆಯು ಚಾಸಿಗೆ ಕೂಡಿರುವ ಕಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಅದು ಮೊದಲು ತೋರುವುದು ನಡುಕದ ರೂಪದಲ್ಲಿಯೇ. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ, ಕೆಲವು ಬಸ್ಸುಗಳೂ ತುರ್ತಿನ ವಾಹನಗಳೂ ಹೊರತಾಗಿ, ಸಂಚಾರಕ್ಕೆ ತಡೆಯಿದೆ. ಹೊತ್ತು ಇಳಿದ ಮೇಲೆ ಆ ಹಾದಿಯ ನಡುವೆ ಸ್ಪ್ರಿಂಗಿನ ಕೊಂಡಿಯು ಮುರಿದು ಮಕ್ಕಳೊಡನೆ ನಿಲ್ಲಬೇಕಾಗಿ ಬಂದರೆ ಏನಾದೀತೆಂಬುದನ್ನು ಗೃಹಸ್ಥರು ಊಹಿಸಿಕೊಳ್ಳಬಲ್ಲರು.

ತೆರೆದ ಗಾಡಿಯು ಏಕೆ ಬಳುಕುತ್ತದೆಂಬುದನ್ನು ತಿಳಿಯಲು ಯಂತ್ರಶಾಸ್ತ್ರದ ಗ್ರಂಥಗಳು ಬೇಕಾಗಿಲ್ಲ. ಮನೆಯಲ್ಲಿರುವ ಬೆಂಕಿಪೊಟ್ಟಣವೊಂದನ್ನು ವಾಚಕರು ಕೈಗೆ ತೆಗೆದುಕೊಳ್ಳಲಿ. ಕಡ್ಡಿಗಳಿರುವ ಒಳತಟ್ಟೆಯನ್ನು ಹೊರಕ್ಕೆಳೆದು, ಎರಡು ತುದಿಗಳನ್ನು ಎರಡು ಕೈಗಳಿಂದ ಹಿಡಿದು, ಬಟ್ಟೆಯನ್ನು ಹಿಂಡುವಂತೆ ಮೆಲ್ಲಗೆ ತಿರುಚಿದರೆ ಅದು ಒಡನೆಯೇ ಓರೆಯಾಗುತ್ತದೆ. ಅದನ್ನೇ ಮತ್ತೆ ಹೊರಗಿನ ಕವಚದೊಳಕ್ಕೆ ತಳ್ಳಿ ತಿರುಚಿ ನೋಡಿದರೆ ಅಷ್ಟು ಸುಲಭವಾಗಿ ಮಣಿಯದು. ಕಾಗದವು ಅದೇ, ದಪ್ಪವೂ ಹೆಚ್ಚು ಕಡಮೆ ಅದೇ. ಬಂದ ವ್ಯತ್ಯಾಸವೆಂದರೆ ಮುಚ್ಚಳ. ಪೆಟ್ಟಿಗೆಯು ತಿರುಚಿಕೊಳ್ಳುವಾಗ ಅದರ ತೆರೆದ ಬಾಯಿಯು ಚೌಕವಾಗಿರುವುದನ್ನು ಬಿಟ್ಟು ಓರೆಯಾಗುತ್ತದೆ. ಒಂದು ಮೂಲೆಯಿಂದ ಎದುರು ಮೂಲೆಗಿರುವ ದೂರವು ಹೆಚ್ಚಿ, ಇನ್ನೆರಡು ಮೂಲೆಗಳ ನಡುವಿನ ದೂರವು ಕುಗ್ಗುತ್ತದೆ. ಹಾಗೆ ಓರೆಯಾಗಗೊಡದೆ ಹಿಡಿದು ನಿಲ್ಲಿಸುವುದೇ ಮುಚ್ಚಳದ ಕೆಲಸ. ಕಾರಿನ ಮೇಲ್ಛಾವಣಿಯು ಮಳೆ ಬಿಸಿಲುಗಳನ್ನು ತಡೆಯುವುದಕ್ಕೆ ಮಾತ್ರ ಇರುವುದೆಂದು ಅನೇಕರು ತಿಳಿದಿರುತ್ತಾರೆ. ಅದು ಗಾಡಿಯ ಎಲುಬುಗಳಲ್ಲಿ ಒಂದು.

ಬಿದಿರನ್ನು ಕಂಡಿರುವ ನಮ್ಮ ಕಾಡಂಚಿನ ಜನರಿಗೆ ಇನ್ನೊಂದು ಉದಾಹರಣೆಯೂ ಸಲ್ಲುತ್ತದೆ. ಇಡಿಯ ಬಿದಿರನ್ನು ತಿರುಚಲು ಬಲಶಾಲಿಗೂ ಆಗದು. ಅದಕ್ಕೆ ಉದ್ದಕ್ಕೂ ಒಂದೇ ಒಂದು ಸೀಳನ್ನು ಕೊಟ್ಟರೆ ಬಾಲಕನೂ ತಿರುಚಿಯಾನು. ಲೆಕ್ಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 50 ಮಿಲಿಮೀಟರು ಅಗಲ, 1 ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆಯೊಂದನ್ನು ಉದ್ದಕ್ಕೆ ಸೀಳಿದರೆ, ತಿರುಚಿಕೆಯನ್ನು ತಡೆಯುವ ಅದರ ಬಿಗಿಯು ಸುಮಾರು 1,800 ಪಾಲಿನಲ್ಲಿ 1 ಪಾಲಿಗೆ ಇಳಿದುಹೋಗುತ್ತದೆ. ಸೀಳಿದುದರಿಂದ ಉಕ್ಕು ಒಂದು ಗುಲಗಂಜಿಯಷ್ಟೂ ಕಡಮೆಯಾಗಿಲ್ಲ. ಸುತ್ತು ಮಾತ್ರ ಮುರಿದಿದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕ ಉಪಾಯಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ: ಮೇಲಿನ ಸುತ್ತನ್ನು ಕಳೆದುಕೊಂಡ ಗಾಡಿಗೆ ಕೆಳಗಡೆ ಎಲ್ಲಿಯಾದರೂ ಇನ್ನೊಂದು ಮುಚ್ಚಿದ ಸುತ್ತನ್ನು ಕಟ್ಟಿಕೊಡಬೇಕು.

ಮೋಟಾರಿನ ಆದಿಕಾಲದಲ್ಲಿ ಈ ತೊಂದರೆಯು ಯಾರ ಗಮನಕ್ಕೂ ವಿಶೇಷವಾಗಿ ಬರಲಿಲ್ಲ. ಏಕೆಂದರೆ ಆಗ ಹೆಚ್ಚಿನ ಗಾಡಿಗಳು ತೆರೆದವೇ. ಏಣಿಯಂತೆ ಎರಡು ಉದ್ದನೆಯ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಇದರ ಮೇಲೆ ಮರದ ಚೌಕಟ್ಟಿಗೆ ತಗಡನ್ನು ಹೊಡೆದು ಮಾಡಿದ ಮೈ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳನ್ನು ನೋಡುವಾಗ ಬಣ್ಣಕ್ಕೂ ಹಿತ್ತಾಳೆಯ ದೀಪಗಳಿಗೂ ಮಾರುಹೋಗದೆ ಒಂದು ಗಳಿಗೆ ಬಾಗಿ ಕೆಳಗಡೆಯನ್ನೂ ನೋಡುವುದು ಒಳ್ಳೆಯದು. ಮೈಸೂರಿನ ಅರಸರು ಬೇಟೆಯಾಡುತ್ತಿದ್ದ ಬಂಡೀಪುರದ ಕಾಡು 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು; 1941ರಲ್ಲಿ ಅದು ಹಿಗ್ಗಿ ವೇಣುಗೋಪಾಲ ವನ್ಯಮೃಗ ಉದ್ಯಾನವೆನಿಸಿತು; 1973ರಲ್ಲಿ ಹುಲಿಯ ಯೋಜನೆಗೆ ಸೇರಿತು. ಅಂದಿನ ಕಾಡುದಾರಿಗಳಲ್ಲಿ ಮರದ ಮೈಯ ಗಾಡಿಯು ಓಡಿದಾಗ ಕೀಲುಗಳೆಲ್ಲ ಕಿರುಗುಟ್ಟುತ್ತಿದ್ದುದರಲ್ಲಿ ಸೋಜಿಗವಿಲ್ಲ.

ಈ ಕಿರುಗುಟ್ಟುವಿಕೆಗೆ 1920ರ ದಶಕದಲ್ಲಿ ಯೂರೋಪಿನಲ್ಲಿ ಎರಡು ಮದ್ದುಗಳು ಹುಟ್ಟಿದುವು; ಎರಡೂ ಒಂದಕ್ಕೊಂದು ತೀರ ವಿರುದ್ಧವಾದುವು. ಷಾರ್ಲ್ ವೈಮನ್ ಎಂಬಾತನು, ಗಾಡಿಯು ಬಳುಕುವುದನ್ನು ತಪ್ಪಿಸಲಾಗದಿದ್ದರೆ ಬಳುಕಲಿ, ಆದರೆ ಮರಕ್ಕೆ ಮರ ಉಜ್ಜುವುದು ಬೇಡ ಎಂದು ಯೋಚಿಸಿದನು. ಮರದ ತುಂಡುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಸಂದನ್ನು ಬಿಟ್ಟು, ಉಕ್ಕಿನ ಪಟ್ಟಿಗಳಿಂದ ಅವುಗಳನ್ನು ಕೂಡಿಸಿ, ಮೇಲೆ ತಗಡಿಗೆ ಬದಲಾಗಿ ಬಟ್ಟೆಯನ್ನು ಹೊದಿಸಿದನು. ಆ ಗಾಡಿಯು ಬಳುಕಿತು, ಆದರೆ ಸದ್ದು ಮಾಡಲಿಲ್ಲ. ಇಟಲಿಯ ಲಾನ್ಚಿಯಾ ಕಾರ್ಖಾನೆಯವರು ಇನ್ನೊಂದು ದಾರಿಯನ್ನು ಹಿಡಿದರು. 1922ರಲ್ಲಿ ಅವರು ತೋರಿಸಿದ ಲಾಂಬ್ಡಾ ಎಂಬ ತೆರೆದ ಕಾರಿನಲ್ಲಿ ಏಣಿಯಂಥ ಚಾಸಿಯೇ ಇರಲಿಲ್ಲ. ಹಡಗಿನ ಒಡಲಿನಂತೆ ಎರಡು ಪಕ್ಕಗಳನ್ನೂ ಆಳವಾದ ಉಕ್ಕಿನ ಗೋಡೆಗಳಾಗಿ ಮಾಡಿ, ಇಡಿಯ ಮೈಯೇ ಭಾರವನ್ನು ಹೊರುವಂತೆ ಕಟ್ಟಿದ್ದರು. ಛಾವಣಿಯಿಲ್ಲದ ಗಾಡಿಯೂ ಬಿಗಿಯಾಗಿರಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಹೀಗೆ ಬಳುಕಿನೊಡನೆ ಸಂಧಿ ಮಾಡಿಕೊಳ್ಳುವುದು ಒಂದು, ಅದನ್ನು ಬಿಗಿಯಿಂದ ಗೆಲ್ಲುವುದು ಇನ್ನೊಂದು. ಹಳೆಯ ಗಾಡಿಯನ್ನು ಸರಿಪಡಿಸುವವನು ತನ್ನ ಗಾಡಿಯು ಯಾವ ದಾರಿಯಲ್ಲಿ ಹುಟ್ಟಿದುದೆಂಬುದನ್ನು ಮೊದಲು ತಿಳಿದಿರಬೇಕು.

1960ರ ದಶಕದ ಅಮೆರಿಕದ ಕಾರುಗಳಲ್ಲಿ ಈ ಪ್ರಶ್ನೆಯು ಮತ್ತೆ ತಲೆಯೆತ್ತಿತು. ದೊಡ್ಡ ಎಂಜಿನ್ನುಗಳನ್ನು ಹೊತ್ತು ಮಸಲ್ ಕಾರುಗಳೆಂದು ಹೆಸರಾದ ಆ ವಂಶದಲ್ಲಿ ಮಡಿಸುವ ಬಟ್ಟೆಯ ಛಾವಣಿಯುಳ್ಳವೂ ಇದ್ದುವು. ಎಂಜಿನ್ನಿನ ಬಲವು ಹಿಂದಿನ ಚಕ್ರಗಳನ್ನು ತಿರುಗಿಸುವಾಗ ಅದೇ ಬಲವು ಗಾಡಿಯ ಮೈಯನ್ನೂ ತಿರುಚಲು ನೋಡುತ್ತದೆ. 1964ರಲ್ಲಿ ಹೊರಬಂದ ಫೋರ್ಡ್ ಮಸ್ಟಾಂಗಿನ ತೆರೆದ ಮಾದರಿಗೆ ಕಾರ್ಖಾನೆಯವರೇ ನೆಲದಡಿಯಲ್ಲಿ ಹೆಚ್ಚಿನ ತಗಡುಗಳನ್ನೂ, ಬಾಗಿಲ ಕೆಳಗಿನ ಹೊಸ್ತಿಲಿನೊಳಗೆ ಹೆಚ್ಚಿನ ಬಲವನ್ನೂ ಕೊಟ್ಟಿದ್ದರು. ಚೆವ್ರೊಲೆ ಕಮಾರೊ ಕಾರಿನಲ್ಲಿ ಎಂಜಿನ್ನನ್ನು ಹೊರುವ ಮುಂದಿನ ಚೌಕಟ್ಟು ಬೇರೆ, ಹಿಂದಿನ ಮೈ ಬೇರೆ. ಆದುದರಿಂದ ಈಗ ಆ ಕಾರುಗಳನ್ನು ಕಾಪಾಡಿಕೊಂಡು ಬಂದವರು ಮುಂದಿನ ಚೌಕಟ್ಟನ್ನೂ ಹಿಂದಿನ ತೊಲೆಗಳನ್ನೂ ಉಕ್ಕಿನ ಕೊಳವೆಗಳಿಂದ ಕೂಡಿಸುತ್ತಾರೆ. ಆ ಒಂದು ಜೋಡಣೆಯಿಂದಲೇ ಗಾಡಿಯ ನಡತೆಯು ಬದಲಾಗುತ್ತದೆ.

1967ರಿಂದ 1969ರವರೆಗಿನ ತೆರೆದ ಕಮಾರೊಗಳಲ್ಲಿ ಇನ್ನೊಂದು ವಿನೋದವಿತ್ತು. ಗಾಡಿಯ ಮೂಲೆಗಳಲ್ಲಿ ಮುಚ್ಚಿದ ಡಬ್ಬಿಗಳನ್ನಿಟ್ಟು, ಪ್ರತಿಯೊಂದರೊಳಗೂ ಭಾರವಾದ ಗುಂಡನ್ನು ಸ್ಪ್ರಿಂಗಿನ ಮೇಲೆ ಎಣ್ಣೆಯಲ್ಲಿ ತೂಗಬಿಟ್ಟಿದ್ದರು. ಗಾಡಿಯ ಮೂಲೆಯು ಮೇಲಕ್ಕೆ ನಡುಗಿದಾಗ ಗುಂಡು ಕೆಳಕ್ಕೆ ಹೋಗಿ ಆ ನಡುಕವನ್ನು ತಾನು ನುಂಗಿಕೊಳ್ಳುತ್ತಿತ್ತು. ಪಾನಕವನ್ನು ಕುಲುಕುವ ಪಾತ್ರೆಯಂತಿದ್ದುದರಿಂದ ಜನರು ಅದಕ್ಕೆ ಆ ಪಾತ್ರೆಯ ಹೆಸರನ್ನೇ ಇಟ್ಟರು. ಅದು ಗಾಡಿಯನ್ನು ಬಿಗಿ ಮಾಡುವುದಿಲ್ಲ. ಒಂದು ನಿರ್ದಿಷ್ಟ ವೇಗದ ನಡುಕವನ್ನು ಮಾತ್ರ ಅಡಗಿಸುತ್ತದೆ. ನಮ್ಮಲ್ಲಿ ಕೆಲವರು ಜೀಪಿನ ಹಿಂದೆ ಮರಳಿನ ಮೂಟೆಯನ್ನು ಹಾಕಿ “ಈಗ ಮೆತ್ತಗಾಯಿತು” ಎನ್ನುವುದು ಇದೇ ಜಾತಿಯ ಚಿಕಿತ್ಸೆಯ ಬಡ ನೆಂಟ. ಬಿರುಕು ಬಿಟ್ಟ ಚಾಸಿಯ ಮೇಲೆ ಮೂಟೆಯನ್ನು ಹೇರುವುದು ಎಷ್ಟು ವಿವೇಕವೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ನಮ್ಮ ಜೀಪಿಗೆ ಬರೋಣ. ಎರಡನೆಯ ಮಹಾಯುದ್ಧಕ್ಕಾಗಿ ವಿಲೀಸ್ ಕಾರ್ಖಾನೆಯು 1941ರಿಂದ ತಯಾರಿಸಿದ ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವು 80 ಅಂಗುಲ. 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬಯಿಯಲ್ಲಿ ಅದರ ವಂಶದ ಗಾಡಿಗಳನ್ನು ಜೋಡಿಸತೊಡಗಿ, ದಶಕಗಳ ಕಾಲ ದೇಶಕ್ಕೆಲ್ಲ ಒದಗಿಸಿದರು. 1985ರಲ್ಲಿ ಮಾರುತಿ ಜಿಪ್ಸಿಯು ಬಂದಿತು. ಇವೆಲ್ಲವೂ ಏಣಿಯಾಕಾರದ ಚಾಸಿಯವು; ಮುಂದೆಯೂ ಹಿಂದೆಯೂ ಪಟ್ಟಿಯ ಸ್ಪ್ರಿಂಗುಗಳುಳ್ಳವು; ಮೇಲೆ ಬಟ್ಟೆಯ ಹುಡ್ಡು ಇದ್ದರೂ ಅದು ಎಲುಬಾಗಲಾರದು. ಜೀಪಿನ ಚಾಸಿಯು ತಕ್ಕಮಟ್ಟಿಗೆ ತಿರುಚಿಕೊಳ್ಳಲೆಂದೇ ಮಾಡಿದುದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಒಂದು ಚಕ್ರವು ಹಳ್ಳಕ್ಕಿಳಿದು ಇನ್ನೊಂದು ದಿಣ್ಣೆಯನ್ನೇರಿದಾಗ ನಾಲ್ಕೂ ಚಕ್ರಗಳು ನೆಲವನ್ನು ಬಿಡದಂತೆ ಅದು ಮಣಿಯಬೇಕು. ಉತ್ಸಾಹದಿಂದ ಇಡಿಯ ಚಾಸಿಗೆ ತಗಡನ್ನು ಬೆಸೆದು ಕಲ್ಲಿನಂತೆ ಮಾಡಿದರೆ ಬಳುಕಿಗೆ ಜಾಗವಿಲ್ಲದೆ ಬೇರೆಲ್ಲಿಯೋ ಬಿರಿಯುತ್ತದೆ.

ಆದುದರಿಂದ ಮೊದಲು ರೋಗಪರೀಕ್ಷೆ. ನಡುಕವೆಲ್ಲವೂ ಮೈಯ ಬಳುಕಿನಿಂದ ಬಂದುದಲ್ಲ. ಜೀಪಿನ ಚಕ್ರದ ಸುತ್ತಳತೆಯು ಸುಮಾರು ಎರಡು ಕಾಲು ಮೀಟರು. ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸಲ ಸುತ್ತುತ್ತದೆ. ಚಕ್ರವೂ ಅಚ್ಚೂ ಸ್ಪ್ರಿಂಗು ಟೈರುಗಳ ನಡುವೆ ಕುಪ್ಪಳಿಸುವ ಸಹಜ ಗತಿಯು ಸೆಕೆಂಡಿಗೆ 10ರಿಂದ 15 ಸಲ. ಚಕ್ರದ ತೂಕವು ಒಂದು ಕಡೆಗೆ ವಾಲಿದ್ದರೆ ಆ ವೇಗದಲ್ಲಿ ಎರಡೂ ತಾಳಗಳು ಕೂಡಿಬಿಡುತ್ತವೆ. ಮುಚ್ಚಿದ ಕಾರಿನ ಮೈಯು ಸೆಕೆಂಡಿಗೆ 25 ಸಲಕ್ಕೂ ಮಿಕ್ಕಿದ ಗತಿಯಲ್ಲಿ ಕಂಪಿಸುವುದರಿಂದ ಈ ತಾಳಕ್ಕೆ ಅದು ಸಿಕ್ಕುವುದಿಲ್ಲ. ಛಾವಣಿಯನ್ನು ತೆಗೆದ ಮೈಯ ಗತಿಯು ಕೆಳಗಿಳಿದು 15ರ ಸಮೀಪಕ್ಕೆ ಬರುವುದುಂಟು. ಆಗ ಚಕ್ರದ ಕುಣಿತಕ್ಕೆ ಗಾಜಿನ ಚೌಕಟ್ಟು ತಾನೂ ಕುಣಿಯುತ್ತದೆ. ಮಣ್ಣಿನ ದಾರಿಯಲ್ಲಿ ಅಲೆ ಅಲೆಯಾಗಿ ಎದ್ದ ತೆವರುಗಳೂ ಇದನ್ನೇ ಮಾಡುತ್ತವೆ. ತೆವರಿನಿಂದ ತೆವರಿಗೆ 80 ಸೆಂಟಿಮೀಟರು ಇದ್ದು, ಗಾಡಿಯು ಗಂಟೆಗೆ 36 ಕಿಲೋಮೀಟರು ಹೋಗುತ್ತಿದ್ದರೆ ಸೆಕೆಂಡಿಗೆ ಹನ್ನೆರಡೂವರೆ ಪೆಟ್ಟು. ಚಾಮರಾಜನಗರದ ಸುತ್ತಿನ ಕರಿಕಲ್ಲಿನ ಗಣಿಗಳಿಂದ ಬರುವ ಭಾರದ ಲಾರಿಗಳು ತುಳಿದ ಮಣ್ಣುದಾರಿಗಳಲ್ಲಿ ಓಡಾಡಿದವರಿಗೆ ಈ ಪೆಟ್ಟಿನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.

ನಡುಕವು ಒಂದೇ ವೇಗದಲ್ಲಿ ಬಂದು ಅದಕ್ಕಿಂತ ಹೆಚ್ಚಿದಾಗ ಮಾಯವಾದರೆ ಚಕ್ರವನ್ನೂ ಟೈರನ್ನೂ ಮೊದಲು ಶಂಕಿಸತಕ್ಕದ್ದು. ಗಾಳಿಯ ಒತ್ತಡವನ್ನು ಸರಿಪಡಿಸಿ ಚಕ್ರಗಳನ್ನು ತೂಗಿಸುವುದರಿಂದಲೇ ಎಷ್ಟೋ ಗಾಡಿಗಳು ವಾಸಿಯಾಗುತ್ತವೆ. ಉಬ್ಬನ್ನು ದಾಟಿದ ಕೂಡಲೆ ಮುಂದಿನ ಚಕ್ರಗಳೆರಡೂ ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಒದರಿಕೊಂಡು, ಗಾಡಿಯನ್ನು ನಿಲ್ಲಿಸಿದ ಹೊರತು ಸುಮ್ಮನಾಗದಿದ್ದರೆ, ಅದು ಸ್ಟೇರಿಂಗಿನ ಕೀಲುಗಳ ಸವೆತ. ಹಳೆಯ ವಿಲೀಸ್ ವಂಶದ ಜೀಪುಗಳಲ್ಲಿ ಮುಂದಿನ ಅಡ್ಡಪಟ್ಟಿಯ ಮೇಲೆ ಸ್ಟೇರಿಂಗಿನ ಸರಳುಗಳನ್ನು ತಿರುಗಿಸುವ ಬೆಲ್‌ಕ್ರ್ಯಾಂಕ್ ಎಂಬ ಮೊಣಕೈಯಿದೆ. ಅದೂ, ಚಕ್ರದ ಗೂಟದ ಬೇರಿಂಗುಗಳೂ ಸವೆದಿದ್ದರೆ ಚಾಸಿಗೆ ಎಷ್ಟು ಉಕ್ಕನ್ನು ಬೆಸೆದರೂ ಫಲವಿಲ್ಲ. ಅಂಥ ಗಾಡಿಯಲ್ಲಿ ಮನೆಯವರನ್ನು ಕರೆದುಕೊಂಡು ಹೊರಡಲೇಬಾರದು.

ಇವೆರಡೂ ಸರಿಯಾಗಿದ್ದು, ವೇಗ ಯಾವುದಾದರೂ ಪ್ರತಿಯೊಂದು ಉಬ್ಬಿಗೂ ಮೈ ನಡುಗುವುದಾದರೆ, ಬಳುಕನ್ನು ಕಣ್ಣಿನಿಂದಲೇ ನೋಡಲು ಒಂದು ಉಪಾಯವುಂಟು. ಗಾಡಿಯನ್ನು ಸಮವಾದ ನೆಲದ ಮೇಲೆ ನಿಲ್ಲಿಸಿ, ಗಾರೆಯವರು ಗೋಡೆ ಕಟ್ಟುವಾಗ ಹಿಡಿಯುವಂಥ ಬಿಗಿಯಾದ ನೂಲುಗಳೆರಡನ್ನು ತೆಗೆದುಕೊಳ್ಳಬೇಕು. ಮುಂದಿನ ಗಾಜಿನ ಬುಡದ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಒಂದನ್ನು, ಬಲಮೂಲೆಯಿಂದ ಎಡಮೂಲೆಗೆ ಇನ್ನೊಂದನ್ನು ಸಮನಾಗಿ ಎಳೆದು ಕಟ್ಟಬೇಕು. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲನ್ನಿಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಮೆಲ್ಲಗೆ ಎತ್ತಬೇಕು. ಒಂದು ನೂಲು ಜೋಲುಬಿದ್ದು ಇನ್ನೊಂದು ಬಿಗಿಯಿತೆಂದರೆ ಗಾಡಿಯ ಬಾಯಿ ಓರೆಯಾಗುತ್ತಿದೆಯೆಂದರ್ಥ. ಬೆಂಕಿಪೊಟ್ಟಣದ ತಟ್ಟೆಯಲ್ಲಿ ನಾವು ಕಂಡುದೇ ಇದು. ಬಾಗಿಲುಳ್ಳ ಗಾಡಿಯಾದರೆ ಬಾಗಿಲಿನ ಸಂದನ್ನೂ ಎತ್ತುವ ಮೊದಲು ಒಂದು ಸಲ, ಎತ್ತಿದ ಮೇಲೆ ಒಂದು ಸಲ ಅಳೆದು ಬರೆದಿಟ್ಟುಕೊಳ್ಳಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಕ್ಕೆ ಯಾರೂ ನುಗ್ಗಕೂಡದು. ಮಕ್ಕಳನ್ನು ಹತ್ತಿರಕ್ಕೆ ಬಿಡಲೇಬಾರದು.

ಬಳುಕಿದೆಯೆಂದು ಗೊತ್ತಾದ ಮೇಲೆ ನೋಡತಕ್ಕುದು ಮೈಗೂ ಚಾಸಿಗೂ ನಡುವೆ ಇರುವ ರಬ್ಬರಿನ ಬಿಲ್ಲೆಗಳನ್ನು. ಇಪ್ಪತ್ತು ಮೂವತ್ತು ವರ್ಷಗಳ ಗಾಡಿಯಲ್ಲಿ ಇವು ಬೆಲ್ಲದ ಹಳಕಿನಂತೆ ಪುಡಿಯಾಗಿರುತ್ತವೆ, ಇಲ್ಲವೆ ಬೋಲ್ಟುಗಳು ಸಡಿಲವಾಗಿ ಮೈಯು ಚಾಸಿಯ ಮೇಲೆ ತಟತಟನೆ ಬಡಿಯುತ್ತಿರುತ್ತದೆ. ಖರ್ಚು ಅಲ್ಪ, ಗುಣ ಬಹಳ. ಆದರೂ ಜನರು ಇದನ್ನು ಕಡೆಗೆ ನೋಡುತ್ತಾರೆ. ಎಲ್ಲಾ ಬಿಲ್ಲೆಗಳೂ ಒಂದೇ ದಪ್ಪ, ಒಂದೇ ಮೆದುವಿನವಾಗಿರಬೇಕು. ಲಾರಿಯ ಟೈರನ್ನು ಕತ್ತರಿಸಿ ಸಿಕ್ಕಸಿಕ್ಕ ದಪ್ಪಕ್ಕೆ ತುರುಕಿದರೆ ಮೈಯನ್ನು ನಾವೇ ಓರೆ ಮಾಡಿ ಕೂರಿಸಿದಂತಾಗುತ್ತದೆ. ಬಿಗಿಯುವಾಗ ಗಾಡಿಯು ನಾಲ್ಕು ಚಕ್ರಗಳ ಮೇಲೆ ಸಮನೆಲದಲ್ಲಿರಬೇಕು. ನಡುವಿನಿಂದ ಆರಂಭಿಸಿ ತುದಿಗಳ ಕಡೆಗೆ ಹೋಗಬೇಕು. ರಬ್ಬರು ಚಪ್ಪಟೆಯಾಗಿ ಹೊರಗೆ ಉಕ್ಕುವಷ್ಟು ಬಿಗಿದರೆ ಅದು ರಬ್ಬರಾಗಿ ಉಳಿಯುವುದಿಲ್ಲ. ಸುಮಾರು 500 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವುದು ಅವಶ್ಯ.

ಬಿರುಕುಗಳನ್ನು ಹುಡುಕುವುದು ಇದಕ್ಕಿಂತ ತಾಳ್ಮೆಯ ಕೆಲಸ. ಅವು ಬರುವ ತಾಣಗಳು ಗೊತ್ತಾದುವೇ: ಸ್ಪ್ರಿಂಗಿನ ಕೊಂಡಿಗಳ ಬುಡ, ಸ್ಟೇರಿಂಗ್ ಪೆಟ್ಟಿಗೆಯ ಸುತ್ತು, ಎಂಜಿನ್ನನ್ನು ಹೊತ್ತ ಅಡ್ಡಪಟ್ಟಿಯ ತುದಿಗಳು, ರಿವೆಟ್ಟುಗಳ ತೂತುಗಳು. ಆ ಭಾಗವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿದರೆ, ಬಿರುಕಿನೊಳಗೆ ಅಡಗಿದ್ದ ಎಣ್ಣೆಯು ಹೊರಕ್ಕೆ ಜಿನುಗಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಸಂಪ್ರದಾಯದಿಂದ ಬಂದ ಈ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳ ಕಣ್ಣು ಮೇಸ್ತ್ರಿಯ ಕಣ್ಣಿಗಿಂತ ಸೂಕ್ಷ್ಮವೆಂಬುದು ನಮ್ಮ ಅಭಿಪ್ರಾಯ. ಅಕ್ಕಿಯಲ್ಲಿ ಕಲ್ಲನ್ನು ಆರಿಸಿ ಪಳಗಿದ ಕಣ್ಣು ಅದು.

ಬೆಸುಗೆಯನ್ನು ಬಲ್ಲವನಿಗೇ ಬಿಡಬೇಕು. ಆದರೂ ಯಜಮಾನನು ಕೇಳಿ ತಿಳಿದುಕೊಳ್ಳತಕ್ಕ ಸಂಗತಿಗಳು ಕೆಲವಿವೆ. ಬಿರುಕಿನ ತುದಿಯಲ್ಲಿ 3 ಮಿಲಿಮೀಟರಿನ ಸಣ್ಣ ತೂತನ್ನು ಕೊರೆದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಬಿರುಕನ್ನು ತೋಡಿ ಬೆಸೆದ ಮೇಲೆ ಅದರ ಮೇಲೆ ಪಟ್ಟಿಯನ್ನಿಡುವುದಾದರೆ ಆ ಪಟ್ಟಿಯ ತುದಿಗಳು ಮೀನಿನ ಮೂತಿಯಂತೆ ಓರೆಯಾಗಿರಬೇಕು. ನೇರವಾಗಿ ಕತ್ತರಿಸಿದ ಪಟ್ಟಿಯ ಅಂಚಿನಲ್ಲಿ ಬಿಗಿಯು ಹಠಾತ್ತನೆ ಮುಗಿದು, ಅಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ. ತೊಲೆಯ ಮೇಲಿನ ಅಥವಾ ಕೆಳಗಿನ ಚಾಚಿಗೆ ಅಡ್ಡವಾಗಿ ಬೆಸುಗೆಯ ಗೆರೆಯನ್ನು ಎಳೆಯಲೇಕೂಡದು. ವಿಲೀಸ್ ಮಾದರಿಯಲ್ಲಿ ಪೆಟ್ರೋಲಿನ ತೊಟ್ಟಿಯು ಚಾಲಕನ ಆಸನದ ಕೆಳಗೇ ಇರುವುದರಿಂದ ಅದನ್ನು ಕಳಚಿ ದೂರವಿಟ್ಟು, ಬ್ಯಾಟರಿಯ ತಂತಿಯನ್ನು ಬಿಡಿಸಿ, ಪರೀಕ್ಷೆಗೆ ಬಳಿದ ಸೀಮೆಎಣ್ಣೆಯನ್ನು ಪೂರ್ತಿಯಾಗಿ ತೊಳೆದ ಮೇಲೆಯೇ ಬೆಂಕಿಯನ್ನು ಹತ್ತಿರಕ್ಕೆ ತರಬೇಕು. “ಏನೂ ಆಗಲ್ಲ ಬುಡಿ ಸಾ” ಎಂದು ಹೇಳುವ ಮೇಸ್ತ್ರಿಯಿಂದ ಗಾಡಿಯನ್ನು ಹಿಂದಕ್ಕೆ ತರುವುದೇ ಲೇಸು.

ಇಷ್ಟಾದ ಮೇಲೂ ಬಳುಕು ಉಳಿದಿದ್ದರೆ ಮಾತ್ರ ಚಾಸಿಯನ್ನು ಬಿಗಿ ಮಾಡುವ ಮಾತು. ಮೂರು ಮಗ್ಗುಲುಗಳಿದ್ದು ಒಂದು ಕಡೆ ತೆರೆದಿರುವ ತೊಲೆಗೆ ನಾಲ್ಕನೆಯ ಮಗ್ಗುಲಲ್ಲಿ ತಗಡನ್ನು ಕೂಡಿಸಿ ಮುಚ್ಚಿದ ಪೆಟ್ಟಿಗೆಯನ್ನಾಗಿ ಮಾಡುವುದು ಕ್ರಮ. ಸೀಳಿದ ಬಿದಿರನ್ನು ಮತ್ತೆ ಕೂಡಿಸಿದಂತೆ ಇದು. ಸ್ಟೇರಿಂಗ್ ಪೆಟ್ಟಿಗೆಯ ನೆರೆಯಲ್ಲಿಯೂ ಮುಂದಿನ ಸ್ಪ್ರಿಂಗಿನ ಕೊಂಡಿಗಳ ನಡುವೆಯೂ ಹೀಗೆ ಮಾಡಿದರೆ ಸಾಮಾನ್ಯವಾಗಿ ಸಾಕು. ನೀರು ನಿಂತು ಒಳಗೆ ತುಕ್ಕು ಹಿಡಿಯದಂತೆ ಕೆಳಗೆ ತೂತನ್ನು ಬಿಡಬೇಕು. ನಡುಭಾಗವನ್ನು ಬಳುಕಲು ಬಿಡುವುದೇ ವಿವೇಕ.

ಏಣಿಯಾಕಾರದ ಚಾಸಿಯಿಲ್ಲದ ಗಾಡಿಗಳ ಕಥೆ ಬೇರೆ, ಮತ್ತು ಹೆಚ್ಚು ಗಂಭೀರ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೂ, ಫಿಯೆಟ್ ವಂಶದ ಪ್ರೀಮಿಯರ್ ಪದ್ಮಿನಿಗೂ ಬೇರೆಯಾದ ಚಾಸಿಯಿಲ್ಲ. ನೆಲ, ಹೊಸ್ತಿಲು, ಕಂಬ, ಛಾವಣಿ ಎಲ್ಲವೂ ಸೇರಿ ಒಂದೇ ಪೆಟ್ಟಿಗೆ. ಮದುವೆಯ ಮೆರವಣಿಗೆಯಲ್ಲಿ ವಧೂವರರು ನಿಂತು ಕೈಮುಗಿಯಲೆಂದು ಇಂಥ ಕಾರಿನ ಛಾವಣಿಯನ್ನು ಕತ್ತರಿಸಿ, ಕೆಂಪು ಬಟ್ಟೆಯನ್ನು ಹಾಸಿ ಬಾಡಿಗೆಗೆ ಬಿಡುವ ಪದ್ಧತಿಯು ಬೆಳೆದಿದೆ. ಕತ್ತರಿಸಿದ ಒಡನೆ ಅದರ ಬಿಗಿಯು ಅರ್ಧಕ್ಕಿಂತಲೂ ಕೆಳಗಿಳಿಯುವುದು ಸಾಮಾನ್ಯ. ಬಾಗಿಲುಗಳು ಮೊದಲು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತವೆ, ಆಮೇಲೆ ಚಿಲಕ ಕೂರುವುದಿಲ್ಲ. ಹೊಸ್ತಿಲಿನ ನಡುವೆ ಬಣ್ಣ ಬಿರಿಯುತ್ತದೆ. ಗಾಡಿಯು ನಡುಮುರಿದ ಎತ್ತಿನಂತೆ ಜಗ್ಗುತ್ತದೆ. ಹಗ್ಗ ಕಟ್ಟಿ ಬಾಗಿಲನ್ನು ನಿಲ್ಲಿಸಿ ನಾಲ್ಕು ಬೀದಿ ಸುತ್ತಿಸುವುದೇನೋ ಆಯಿತು. ಅದೇ ಗಾಡಿಯಲ್ಲಿ ಹೆದ್ದಾರಿಯನ್ನು ಹಿಡಿದು ಪಕ್ಕದ ಊರಿಗೆ ಹೋಗುವಾಗ ಎದುರು ಲಾರಿಗೆ ಪಕ್ಕ ಕೊಡಲು ಚಕ್ರವನ್ನು ಸರ್ರನೆ ತಿರುಗಿಸಬೇಕಾಗಿ ಬಂದರೆ ಅದರ ಮೈಯು ಚಾಲಕನ ಮಾತನ್ನು ತಡವಾಗಿ ಕೇಳುತ್ತದೆ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಇದಕ್ಕೆ ಹೊರತು. ಅದಕ್ಕೆ ಬೇರೆ ಚಾಸಿಯಿತ್ತು. ಹೆರಾಲ್ಡು ಹೀಗಿತ್ತೆಂದು ಅಂಬಾಸಿಡರನ್ನು ಕತ್ತರಿಸುವವರು ಈ ಭೇದವನ್ನು ಅರಿತಿಲ್ಲ.

ಕಾಯಿದೆಯೂ ಇದಕ್ಕೆ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೊದಲು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಬಿರುಕನ್ನು ಸರಿಪಡಿಸಿ ಗಾಡಿಯನ್ನು ಮೊದಲಿನ ಸ್ಥಿತಿಗೆ ತರುವುದು ದುರಸ್ತಿ. ಅದಕ್ಕಿಂತ ಮುಂದಕ್ಕೆ ಹೋಗಿ ಚಾಸಿಗೆ ಏನನ್ನಾದರೂ ಕೂಡಿಸುವುದಿದ್ದರೆ ಚಾಮರಾಜನಗರದ ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳುವುದು ಉಚಿತ.

ಕಾರ್ಖಾನೆಯಿಂದಲೇ ತೆರೆದ ಮೈಯಾಗಿ ಬಂದ ಹಳೆಯ ಏಕಶರೀರದ ಕಾರು ಯಾರ ಮನೆಯಲ್ಲಾದರೂ ಇದ್ದರೆ ಅದರ ಪ್ರಾಣವೆಲ್ಲ ಬಾಗಿಲ ಕೆಳಗಿನ ಹೊಸ್ತಿಲಿನಲ್ಲಿದೆಯೆಂದು ತಿಳಿಯತಕ್ಕದ್ದು. ಕೆಳಗಿನ ಸುತ್ತು ಅದೇ. ಅದು ತುಕ್ಕಿಗೆ ತುತ್ತಾಗಿದ್ದರೆ ಹೊರಗಿನಿಂದ ತಗಡನ್ನು ಅಂಟಿಸಿ ಬಣ್ಣ ಬಳಿಯುವುದು ಮೋಸ. ಕೊಳೆತುದನ್ನು ಕತ್ತರಿಸಿ ಹೊಸದನ್ನು ಕೂರಿಸಬೇಕು. ಆದರೆ ಕತ್ತರಿಸುವ ಮೊದಲು ಗಾಡಿಯನ್ನು ಚಕ್ರಗಳ ನೆಲೆಯಲ್ಲಿಯೇ ಆತು ನಿಲ್ಲಿಸಿ, ಬಾಗಿಲ ಕಿಂಡಿಗೆ ಅಡ್ಡಲಾಗಿ ಮೂಲೆಯಿಂದ ಮೂಲೆಗೆ ಉಕ್ಕಿನ ಸರಳನ್ನು ತಾತ್ಕಾಲಿಕವಾಗಿ ಬೆಸೆದು, ಬಾಗಿಲ ಸಂದಿನ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ಹಾಗೆ ಮಾಡದೆ ಎರಡು ಕಡೆಯ ಹೊಸ್ತಿಲುಗಳನ್ನೂ ಒಂದೇ ಸಲಕ್ಕೆ ಕತ್ತರಿಸಿದ ಗಾಡಿಯು ಜಗ್ಗಿದ ಸ್ಥಿತಿಯಲ್ಲಿಯೇ ಬೆಸೆದುಹೋಗಿ, ಅದರ ಬಾಗಿಲುಗಳು ಆಮೇಲೆ ಎಂದಿಗೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಒಂದು ಕಡೆಯನ್ನು ಪೂರ್ತಿಯಾಗಿ ಮುಗಿಸಿ, ಬಾಗಿಲನ್ನು ಹಾಕಿ ತೆಗೆದು ನೋಡಿದ ಮೇಲೆಯೇ ಇನ್ನೊಂದು ಕಡೆಗೆ ಕೈಹಾಕಬೇಕು. ಛಾವಣಿಯನ್ನು ಕತ್ತರಿಸಿದ ಮೆರವಣಿಗೆಯ ಗಾಡಿಯು ಈಗಾಗಲೇ ಕೈಗೆ ಬಂದಿದ್ದರೆ, ಅದರ ಬಾಗಿಲು ಒಂದು ಸಲ ತಾನಾಗಿ ತೆರೆದುಕೊಂಡಿತೆಂದರೂ ಸಾಕು, ಆ ದಿನದಿಂದ ಅದರಲ್ಲಿ ಮಕ್ಕಳನ್ನು ಕೂರಿಸಕೂಡದು.